ಬಿಡಿಭಾಗ ತೊಳೆಯಲು ಸಾಲ್ವೆಂಟೋ, ಬಿಸಿನೀರಿನ ಡಿಟರ್ಜೆಂಟೋ?

ಸಣ್ಣ ಗ್ಯಾರೇಜಿಗೆ ಸಾಲ್ವೆಂಟ್ (ಗ್ರೀಸ್ ಕರಗಿಸುವ ರಾಸಾಯನಿಕ ದ್ರವ) ತೊಟ್ಟಿ ಸುಲಭ: ಬಿಸಿ ಮಾಡಬೇಕಿಲ್ಲ, ಗ್ರೀಸ್ ಬೇಗ ಬಿಡುತ್ತದೆ. ಆದರೆ ಆವಿ, ಬೆಂಕಿಯ ಭಯ, ಮೇಲೆ ಹಳೆಯ ದ್ರವದ ವಿಲೇವಾರಿಯ ತಲೆನೋವು. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರ್ ಅದರೊಳಗೆ ಬಿದ್ದರಂತೂ ಇಡೀ ತೊಟ್ಟಿ ಕೆಟ್ಟಂತೆ.

ಡಿಟರ್ಜೆಂಟ್ ಯಂತ್ರದಲ್ಲಿ ನೀರು ಸಾಮಾನ್ಯವಾಗಿ 50–60 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ದರೆ ಗ್ರೀಸ್ ಜಗ್ಗುವುದಿಲ್ಲ, ಜನ ಬೈದುಕೊಂಡು ಸಾಲ್ವೆಂಟಿಗೇ ಮರಳುತ್ತಾರೆ. ತೇಲುವ ಎಣ್ಣೆಯನ್ನು ಸ್ಕಿಮ್ಮರ್‌ನಿಂದ ತೆಗೆಯುತ್ತಿದ್ದರೆ ದ್ರಾವಣ ಹೆಚ್ಚು ಕಾಲ ಬಾಳುತ್ತದೆ. ತೊಳೆದ ಉಕ್ಕನ್ನು ಕೂಡಲೇ ಗಾಳಿ ಊದಿ ಒಣಗಿಸಿ, ಇಲ್ಲವೇ ತುಕ್ಕು. ಅಲ್ಯೂಮಿನಿಯಂಗೆ ತೀವ್ರ ಕ್ಷಾರ ಬೇಡ, ಕಪ್ಪಾಗುತ್ತದೆ. ನೀರೇ ತಾನೆ ಎಂದು ಚರಂಡಿಗೆ ಬಿಡುವಂತಿಲ್ಲ: ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು, ಪರೀಕ್ಷೆ ಮಾಡಿಸಿ.

ದಿನವೂ ತೊಳೆಯುವ ಕೆಲಸವಿದ್ದರೆ ಡಿಟರ್ಜೆಂಟ್ ಯಂತ್ರವೇ ವಾಸಿ. ಅಪರೂಪಕ್ಕಾದರೆ ಮುಚ್ಚಳವಿರುವ ಸಣ್ಣ ಸಾಲ್ವೆಂಟ್ ತೊಟ್ಟಿ ಸಾಕು.