ಹೊಸ ಡಿಬಿಗೆ (ಮನೆಯ ಫ್ಯೂಸ್ ಬೋರ್ಡಿಗೆ) ಒಂದೇ ಆರ್‌ಸಿಸಿಬಿ ಸಾಕಾ, ಲೈನಿಗೊಂದು ಆರ್‌ಸಿಬಿಓ ಬೇಕಾ?

ಹಳೇ ಕಿಟ್‌ಕ್ಯಾಟ್ ಫ್ಯೂಸ್ ಕಿತ್ತು ಬರೀ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿದರೆ ಸಾಲದು. ಎಂಸಿಬಿ ನೋಡೋದು ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಮಾತ್ರ. ಮೈಗೆ ಹೊಡೆಯುವ ಶಾಕ್ ಅದಕ್ಕೆ ಗೊತ್ತಾಗುವುದಿಲ್ಲ. ಶಾಕ್‌ನಿಂದ ಉಳಿಯಲು 30 ಮಿಲಿಆಂಪ್ ಆರ್‌ಸಿಸಿಬಿ ಬೇಕು; ಅಷ್ಟು ಕರೆಂಟ್ ನೆಲಕ್ಕೆ ಲೀಕ್ ಆದರೆ ಅದು ಲೈನ್ ಕಟ್ ಮಾಡುತ್ತದೆ.

ಇಡೀ ಮನೆಗೆ ಒಂದೇ ಹಾಕಿಸಿದರೆ ಅಗ್ಗ. ಆದರೆ ಗೀಸರ್ ಕಾಯಿಲಿನಿಂದ ಕರೆಂಟ್ ಲೀಕ್ ಆದರೂ ಫ್ರಿಜ್, ಲೈಟು ಎಲ್ಲಾ ಬಂದ್. ಟಾರ್ಚ್ ಹಿಡಿದು ಒಂದೊಂದೇ ಎಂಸಿಬಿ ಇಳಿಸಿ ಹುಡುಕಬೇಕು, ಅದೂ ಸೋಪು ಹಚ್ಚಿಕೊಂಡ ಮೈಯಲ್ಲಿ! ಲೈನಿಗೊಂದು ಹಾಕಿಸುವ ಆರ್‌ಸಿಬಿಓನಲ್ಲಿ ಆರ್‌ಸಿಸಿಬಿ ಜೊತೆ ಎಂಸಿಬಿ ಕೆಲಸವೂ ಸೇರಿದೆ, ಕೆಟ್ಟ ಲೈನ್ ಮಾತ್ರ ಬೀಳುತ್ತದೆ. ದುಡ್ಡು ಜಾಸ್ತಿ.

ನಾನಾದರೆ ಗೀಸರ್, ಮೋಟರ್‌ಗೆ ಆರ್‌ಸಿಬಿಓ, ಉಳಿದದ್ದಕ್ಕೆ ಒಂದು ಆರ್‌ಸಿಸಿಬಿ ಹಾಕಿಸುತ್ತೇನೆ. ಲೈಸೆನ್ಸ್ ಇರುವವರಿಗೇ ಕೆಲಸ ಕೊಡಿ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಬೇರೆ ಬೇರೆ ಮಾಡಿಸಿ. ಹಳೇ ಮನೆಯಲ್ಲಿ ಎರಡು ಲೈನಿನ ನ್ಯೂಟ್ರಲ್ ಕೂಡಿಕೊಂಡಿದ್ದರೆ ಹೊಸ ಆರ್‌ಸಿಬಿಓ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತಿರುತ್ತದೆ.