ಮೇಲುಕೋಟೆ ವೈರಮುಡಿ: ಎಲ್ಲಿ ನಿಂತರೆ ಏನು ಸಿಗುತ್ತದೆ

ವೈರಮುಡಿ ಎಂದರೆ ಮೇಲುಕೋಟೆಯ ಚೆಲುವನಾರಾಯಣನಿಗೆ ತೊಡಿಸುವ ವಜ್ರದ ಕಿರೀಟ. ಅದರ ಹೆಸರಿನದೇ ರಾತ್ರಿಯ ಉತ್ಸವ. ಈ ಕಿರೀಟಕ್ಕೆ ಹಗಲ ಬೆಳಕು ಸೋಕಬಾರದೆಂಬುದು ಸಂಪ್ರದಾಯ. ಬೆಳಿಗ್ಗೆ ಬಂದು ಮಧ್ಯಾಹ್ನ ಪುಳಿಯೋಗರೆ ಕಟ್ಟಿಸಿಕೊಂಡು ಹೊರಡುವವರಿಗೆ ಚೆಲುವನಾರಾಯಣನ ದರ್ಶನವಾದೀತು, ವೈರಮುಡಿ ಕಾಣದು. ಫಾಲ್ಗುಣದ ಬ್ರಹ್ಮೋತ್ಸವದಲ್ಲಿ ಬರುವ ದಿನ ಒಮ್ಮೆ ಮಾರ್ಚ್‌ನಲ್ಲಿ, ಒಮ್ಮೆ ಏಪ್ರಿಲ್‌ನಲ್ಲಿ. ಕಳೆದ ವರ್ಷದ ತಾರೀಖು ನಂಬಿ ಹೊರಡಬೇಡಿ, ಪಂಚಾಂಗ ನೋಡಿ.

ಕಿರೀಟವಿರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಅಂದು ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲಿ ಪೂಜೆ ಪಡೆಯುತ್ತಾ ಸಂಜೆಗೆ ಬೆಟ್ಟ ಸೇರುತ್ತದೆ. ನೂಕುನುಗ್ಗಲು ಆಗದವರಿಗೆ ಆ ಹಳ್ಳಿಗಳೇ ವಾಸಿ. ಅಲ್ಲಿ ಕಾಣುವುದು ಪೆಟ್ಟಿಗೆ ಮಾತ್ರ, ಆದರೆ ಊರಿಗೆ ಊರೇ ತೋರಣ ಕಟ್ಟಿ ಆರತಿ ಹಿಡಿದು ಕಾಯುವ ಸಡಗರ ಬೇರೆಲ್ಲೂ ಸಿಗದು.

ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ಅಸುರ ವಿರೋಚನ ಕದ್ದನಂತೆ, ಗರುಡ ಅದನ್ನು ಮರಳಿ ತಂದನಂತೆ. ಈ ಕಥೆ ಗೊತ್ತಿದ್ದರೆ ಶ್ರೀದೇವಿ ಭೂದೇವಿಯರೊಡನೆ ಸ್ವಾಮಿ ಅಂದು ಗರುಡನನ್ನೇ ಏರಿ ಬರುವುದಕ್ಕೆ ಅರ್ಥ ಹೆಚ್ಚುತ್ತದೆ.

ಇನ್ನು ನಿಲ್ಲುವ ಜಾಗ. ಎಲ್ಲರೂ ಮುಗಿಬೀಳುವುದು ದೇವಸ್ಥಾನದ ಬಾಗಿಲಿಗೆ, ಮೊದಲ ದರ್ಶನಕ್ಕೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಲ್ಲಿಗೆ ಹೋಗಲೇಬೇಡಿ. ಎತ್ತಿ ಹಿಡಿದ ಮೊಬೈಲ್‌ಗಳ ನಡುವೆ ಕಾಣುವುದು ಒಂದು ಮಿಂಚು ಅಷ್ಟೆ. ಬೀದಿಯ ತಿರುವಿನಲ್ಲಿ, ಜಗುಲಿಗೆ ಒರಗಿ ನಿಂತರೆ ಗರುಡವಾಹನ ತಿರುಗುವಾಗ ನಿಧಾನವಾಗುತ್ತದೆ. ಪಂಜಿನ ಬೆಳಕು ಪಕ್ಕದಿಂದ ಬಿದ್ದು ವಜ್ರಗಳು ಒಂದೊಂದಾಗಿ ಹೊಳೆಯುತ್ತವೆ. ಮುಂದೆ ಆಳ್ವಾರರ ತಮಿಳು ಪಾಶುರಗಳಾದ ದಿವ್ಯಪ್ರಬಂಧವನ್ನು ಹಾಡುವ ಗೋಷ್ಠಿ, ಹಿಂದೆ ವೇದಪಾರಾಯಣ. ಕೇಳುವ ಆಸೆಯಿದ್ದವರು ಹಿಂದಿನ ಗುಂಪನ್ನು ಹಿಡಿಯುವುದು ಜಾಣತನ, ಅಲ್ಲಿ ಒತ್ತಡವೂ ಕಡಿಮೆ. ಧ್ವನಿವರ್ಧಕಗಳ ಅಬ್ಬರ ಮಾತ್ರ ಈ ಉತ್ಸವಕ್ಕೆ ಒಪ್ಪುವುದಿಲ್ಲ.

ವೈರಮುಡಿ ಇಳಿದ ಮೇಲೆ ಜನ ಕರಗುತ್ತಾರೆ. ಮೈಸೂರಿನ ರಾಜ ಒಡೆಯರು ಅರ್ಪಿಸಿದ ಇನ್ನೊಂದು ಕಿರೀಟ, ರಾಜಮುಡಿ, ಏರುವುದು ಆಮೇಲೆ. ಸ್ವಾಮಿಯನ್ನು ಹತ್ತಿರದಿಂದ ಕಣ್ತುಂಬ ನೋಡಲು ಇದೇ ಹೊತ್ತು, ನಿದ್ದೆ ತಡೆದವರಿಗೆ.

ವಾಹನಗಳನ್ನು ಊರ ಹೊರಗೇ ತಡೆಯುತ್ತಾರೆ, ನಡೆಯಲು ಸಿದ್ಧರಾಗಿ. ಕತ್ತಲಲ್ಲಿ ಕಲ್ಯಾಣಿಗೆ ಇಳಿಯಬೇಡಿ, ಒದ್ದೆ ಮೆಟ್ಟಿಲು ಜಾರುತ್ತದೆ. ಯೋಗನರಸಿಂಹನ ಬೆಟ್ಟವನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳಿ, ಬಿಸಿಲೇರುವ ಮುಂಚೆ.