ಡಿಸ್ಕ್ ತಾನಾಗಿಯೇ ತೆರೆಯುವಂತೆ ಮಾಡಿಸಿಕೊಳ್ಳುವವರು ಗಮನಿಸಿ

ಕಂಪ್ಯೂಟರ್ ಆನ್ ಆದ ಕೂಡಲೇ ಎನ್‌ಕ್ರಿಪ್ಟ್ ಆಗಿರುವ ಡಿಸ್ಕ್ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುವಂತೆ ಯಾರಿಂದಲಾದರೂ ಮಾಡಿಸಿಕೊಳ್ಳುತ್ತಿದ್ದರೆ, ಅವರ ಕೈಗೆ ಹಣ ಕೊಡುವ ಮುನ್ನ ಒಂದು ಕೆಲಸ ಮಾಡಿಸಿ. ಆ ಡಿಸ್ಕನ್ನು ಬಿಚ್ಚಿ, ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಿಮಗೆ ಗೊತ್ತಿರುವ ಪಾಸ್‌ವರ್ಡಿನಿಂದ ನಿಮ್ಮ ಕಣ್ಣೆದುರಿಗೇ ತೆರೆದು ತೋರಿಸುವಂತೆ ಹೇಳಿ. ಅದು ಆಗುವುದಿಲ್ಲವೆಂದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಯಲ್ಲಿ ಆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೆಲಸ ಮಾಡಿಕೊಟ್ಟವರ ಹೆಸರು ಇಲ್ಲಿ ಬೇಡ. ಅದೇ ಬಗೆಯ ಏರ್ಪಾಡನ್ನು ಬೇರೆಯವರೂ ಮಾಡಿಕೊಡುತ್ತಿರುವುದರಿಂದ ವಿಷಯವಷ್ಟೇ ಮುಖ್ಯ.

ಕಚೇರಿಯಲ್ಲಿ ಎಲ್ಲರೂ ಹಂಚಿಕೊಂಡು ಬಳಸುವ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಫೆಡೋರಾ ಲಿನಕ್ಸ್ ಇದ್ದ ಒಂದು ಎಸ್‌ಎಸ್‌ಡಿ, ಕಕ್ಷಿದಾರರ ಕಡತಗಳಿದ್ದ ಇನ್ನೊಂದು ದೊಡ್ಡ ಹಾರ್ಡ್ ಡಿಸ್ಕ್. ಪ್ಯಾನ್, ಆಧಾರ್ ಪ್ರತಿಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು ಇರುವ ಕಡೆ ಎನ್‌ಕ್ರಿಪ್ಶನ್ ಬೇಕೇ ಬೇಕು ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ, ಆದ್ದರಿಂದ ಎರಡನ್ನೂ ಲಿನಕ್ಸಿನಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ನಿಗೆ ಬಳಸುವ ಲಕ್ಸ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿಸಲಾಗಿತ್ತು. ತೊಂದರೆ ಇದ್ದದ್ದು ಬೆಳಗಿನ ಹೊತ್ತಿನಲ್ಲಿ. ಕರೆಂಟ್ ಹೋಗಿ ಬಂದರೆ ಯಂತ್ರ ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ನಿಂತಿರುತ್ತಿತ್ತು, ನಾನು ಬರುವವರೆಗೆ ಯಾರಿಗೂ ಕೆಲಸ ಆರಂಭಿಸಲಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ, ನಮಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದ ತಂತ್ರಜ್ಞರು ಟಿಪಿಎಂ (ಕಂಪ್ಯೂಟರಿನೊಳಗಿನ ಭದ್ರತಾ ಚಿಪ್) ಮೂಲಕ ತೆರೆಯುವ ವ್ಯವಸ್ಥೆಯನ್ನು ಸೂಚಿಸಿದರು.

ಸೂಚನೆಯೇನೂ ತಪ್ಪಲ್ಲ. ಲಕ್ಸ್ ಡಿಸ್ಕಿನ ಆರಂಭದಲ್ಲಿ ಹೆಡರ್ ಎಂಬ ಭಾಗವಿರುತ್ತದೆ. ದತ್ತಾಂಶವನ್ನು ನಿಜವಾಗಿ ಬಿಡಿಸುವ ಮುಖ್ಯ ಕೀಲಿಯ ಮುಚ್ಚಿದ ಪ್ರತಿಗಳು ಅದರೊಳಗಿನ ಸ್ಲಾಟುಗಳಲ್ಲಿ ಕೂತಿರುತ್ತವೆ. ಲಕ್ಸ್ 1ರಲ್ಲಿ ಇಂಥ 8 ಸ್ಲಾಟುಗಳು, ಲಕ್ಸ್ 2ರಲ್ಲಿ 32ರವರೆಗೆ. ಒಂದು ಸ್ಲಾಟನ್ನು ನಿಮ್ಮ ಪಾಸ್‌ವರ್ಡ್ ತೆರೆಯುತ್ತದೆ, ಇನ್ನೊಂದನ್ನು ಟಿಪಿಎಂ ಚಿಪ್ ತನ್ನಲ್ಲಿ ಬಂಧಿಸಿಟ್ಟುಕೊಂಡ ಗುಟ್ಟಿನಿಂದ ತೆರೆಯಬಹುದು. ಎರಡೂ ಒಟ್ಟಿಗೆ ಇರಬಹುದು, ಇರಲೇಬೇಕು. ಚಿಪ್ ಆ ಗುಟ್ಟನ್ನು ಬಿಟ್ಟುಕೊಡಬೇಕಾದರೆ ಯಂತ್ರ ತನಗೆ ಪರಿಚಿತ ಸ್ಥಿತಿಯಲ್ಲಿ ಆರಂಭವಾಗಿರಬೇಕೆಂಬ ಷರತ್ತನ್ನೂ ಹಾಕಬಹುದು. ನಮ್ಮಲ್ಲಿ ಅದನ್ನು 7ನೆಯ ಪಿಸಿಆರ್‌ಗೆ, ಎಂದರೆ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಆರಂಭವಾಗಲು ಬಿಡುವ ವ್ಯವಸ್ಥೆ) ಸ್ಥಿತಿಯನ್ನು ದಾಖಲಿಸುವ, ಚಿಪ್ಪಿನೊಳಗಿನ ಅಂಕಣಕ್ಕೆ, ಕಟ್ಟಲಾಗಿತ್ತು.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಮಾತ್ರ ಅವರು ಸುಲಭದ ದಾರಿ ಹಿಡಿದರು. ಅದಕ್ಕೆ ಪಾಸ್‌ವರ್ಡನ್ನೇ ಇಡದೆ ಒಂದು ಕೀಲಿ ಕಡತವನ್ನು ಸೃಷ್ಟಿಸಿ, ಆ ಕಡತವನ್ನು ಎಸ್‌ಎಸ್‌ಡಿಯಲ್ಲಿಟ್ಟು, ಯಾವ ಡಿಸ್ಕನ್ನು ಹೇಗೆ ತೆರೆಯಬೇಕೆಂದು ಯಂತ್ರಕ್ಕೆ ಹೇಳುವ ಕ್ರಿಪ್ಟ್‌ಟ್ಯಾಬ್ ಎಂಬ ಕಡತದಲ್ಲಿ ಅದರ ವಿಳಾಸ ಬರೆದರು. ಎಸ್‌ಎಸ್‌ಡಿ ತೆರೆದರೆ ಹಾರ್ಡ್ ಡಿಸ್ಕೂ ತೆರೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಎಸ್‌ಎಸ್‌ಡಿ ತೆರೆಯದೇ ಹೋದ ದಿನ ಮಾತ್ರ ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ.

ಕೆಲಕಾಲದ ನಂತರ ಒಂದು ಬೆಳಿಗ್ಗೆ ಯಂತ್ರ ಮತ್ತೆ ಪಾಸ್‌ವರ್ಡ್ ಕೇಳಿತು. ಸೆಕ್ಯೂರ್ ಬೂಟ್‌ನ ನಿಷೇಧಪಟ್ಟಿ, ಎಂದರೆ ಡಿಬಿಎಕ್ಸ್, ಅಪ್‌ಡೇಟ್ ಆಗಿತ್ತು. ಅದು ಬದಲಾದರೆ 7ನೆಯ ಪಿಸಿಆರ್‌ನ ಮೌಲ್ಯವೂ ಬದಲಾಗಿ ಚಿಪ್ ಗುಟ್ಟು ಬಿಡುವುದಿಲ್ಲ. ಇದು ಸಹಜ ನಡವಳಿಕೆಯೇ ಹೊರತು ಕೆಟ್ಟುಹೋದ ಲಕ್ಷಣವಲ್ಲ. ನಾನು ಪಾಸ್‌ವರ್ಡ್ ಹಾಕಿದೆ, ಯಂತ್ರ ತೆರೆಯಿತು, ತಂತ್ರಜ್ಞರು ಬಂದು ಟಿಪಿಎಂ ನೋಂದಣಿಯನ್ನು ಹೊಸದಾಗಿ ಮಾಡಿಕೊಟ್ಟು ಹೋದರು. ಅನಾಹುತ ನಡೆದದ್ದು ಆ ಹೊತ್ತಿನಲ್ಲೇ. ಈ ನೋಂದಣಿ ಮಾಡುವ ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ ಆಜ್ಞೆಯಲ್ಲಿ ಹಳೆಯ ಸ್ಲಾಟನ್ನು ಅಳಿಸಲು 'ವೈಪ್-ಸ್ಲಾಟ್' ಎಂಬ ಆಯ್ಕೆಯಿದೆ. ಅದರ ಮುಂದೆ 'ಟಿಪಿಎಂ2' ಎಂದು ಬರೆದರೆ ಹಳೆಯ ಚಿಪ್ ನೋಂದಣಿ ಮಾತ್ರ ಹೋಗುತ್ತದೆ. 'ಆಲ್' ಎಂದು ಬರೆದರೆ ಹೊಸದಾಗಿ ಸೇರಿಸಿದ ಸ್ಲಾಟ್ ಒಂದನ್ನು ಬಿಟ್ಟು ಪಾಸ್‌ವರ್ಡೂ ಸೇರಿದಂತೆ ಉಳಿದದ್ದೆಲ್ಲ ಅಳಿಸಿಹೋಗುತ್ತದೆ. ಅವರು ಬರೆದದ್ದು 'ಆಲ್'. ಆಮೇಲೂ ಯಂತ್ರ ದಿನವೂ ಸರಾಗವಾಗಿ ಆರಂಭವಾಗುತ್ತಿದ್ದುದರಿಂದ, ನನ್ನ ಪಾಸ್‌ವರ್ಡ್ ಇನ್ನು ಆ ಡಿಸ್ಕಿಗೆ ಸಂಬಂಧವಿಲ್ಲದ ಪದವೆಂಬುದು ಯಾರಿಗೂ ತಿಳಿಯಲಿಲ್ಲ.

ಭರಣಿ ಮಳೆಯ ಗುಡುಗು ಸಿಡಿಲಿನ ಒಂದು ಸಂಜೆ ಮದರ್‌ಬೋರ್ಡ್ ಸುಟ್ಟಿತು. ಯುಪಿಎಸ್ ಇತ್ತು, ಸಿಡಿಲು ನೆಟ್‌ವರ್ಕ್ ಕೇಬಲಿನಿಂದ ನುಗ್ಗಿರಬೇಕೆಂದು ರಿಪೇರಿ ಅಂಗಡಿಯವರ ಊಹೆ. ಎರಡೂ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಅಂಗಡಿಯವರು ಹೊಸ ಬೋರ್ಡ್ ಹಾಕಿ, ಹಳೆಯದಕ್ಕೆ ಅಷ್ಟಿಷ್ಟು ಕಳೆದು ಬಿಲ್ ಮಾಡಿ, ಯಂತ್ರವನ್ನು ಕಳಿಸಿಕೊಟ್ಟರು. ಆನ್ ಮಾಡಿದಾಗ ಪಾಸ್‌ವರ್ಡ್ ಕೇಳಿತು. ಬೋರ್ಡ್ ಬದಲಾದರೆ ಹೀಗಾಗುವುದು ನಿರೀಕ್ಷಿತವೇ. ಆದರೆ ವರ್ಷಗಳಿಂದ ಬಳಸಿದ ಪಾಸ್‌ವರ್ಡನ್ನು ಅದು ಒಪ್ಪಲಿಲ್ಲ.

ಎಸ್‌ಎಸ್‌ಡಿಯನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಜೋಡಿಸಿ, ಲಕ್ಸ್ ಡಿಸ್ಕುಗಳನ್ನು ನಿರ್ವಹಿಸುವ ಕ್ರಿಪ್ಟ್‌ಸೆಟಪ್ ತಂತ್ರಾಂಶದಲ್ಲಿ ಹೆಡರಿನ ವಿವರ ತೋರಿಸುವ ಲಕ್ಸ್‌ಡಂಪ್ ಆಜ್ಞೆ ಕೊಟ್ಟಾಗ ಚಿತ್ರ ಸ್ಪಷ್ಟವಾಯಿತು. ಹೆಡರಿನ ವಿವರ ಓದಲು ಪಾಸ್‌ವರ್ಡ್ ಬೇಕಿಲ್ಲ. ಅನುಸ್ಥಾಪನೆಯ ಕಾಲದಲ್ಲಿ ಪಾಸ್‌ವರ್ಡ್ ಕೂತಿದ್ದ 0 ಸ್ಲಾಟ್ ಪಟ್ಟಿಯಲ್ಲಿರಲಿಲ್ಲ, ಮೊದಲ ಟಿಪಿಎಂ ನೋಂದಣಿಯ 1 ಇರಲಿಲ್ಲ. ಇದ್ದದ್ದು 2 ಒಂದೇ, ಅದರ ಕೆಳಗೆ ಅದನ್ನೇ ತೋರಿಸುವ ಟಿಪಿಎಂ ಟೋಕನ್, ಎಂದರೆ ಆ ಸ್ಲಾಟನ್ನು ಚಿಪ್ ತೆರೆಯುತ್ತದೆ ಎಂಬ ದಾಖಲೆ. ಅಂದರೆ ಆ ಡಿಸ್ಕನ್ನು ತೆರೆಯಬಲ್ಲ ಏಕೈಕ ವಸ್ತು ಸುಟ್ಟ ಬೋರ್ಡಿನ ಮೇಲಿದ್ದ ಚಿಪ್. ಅದೇ ಮಾದರಿಯ ಹೊಸ ಬೋರ್ಡಿನ ಚಿಪ್ ಉಪಯೋಗಕ್ಕೆ ಬಾರದು, ಪ್ರತಿ ಚಿಪ್ಪಿನ ಗುಟ್ಟೂ ಬೇರೆ. ತಂತ್ರಜ್ಞರನ್ನು ಕರೆಸಿ ಪರದೆ ತೋರಿಸಿದಾಗ ಅವರೇ ಆ ಆಜ್ಞೆಯನ್ನು ನೆನಪಿಸಿಕೊಂಡು ಹೇಳಿದರು. ಹಳೆಯ ಬೋರ್ಡನ್ನು ರಿಪೇರಿ ಮಾಡಿಸಿದರೆ ಒಂದು ಸಣ್ಣ ಆಸೆ ಇರುತ್ತಿತ್ತು. ಅಂಗಡಿಗೆ ಓಡಿದರೆ ಅದು ಆಗಲೇ ಗುಜರಿಗೆ ಹೋಗಿತ್ತು.

ಲಾಕ್ ಆದ ಡಿಸ್ಕಿನಿಂದಲೂ ದತ್ತಾಂಶ ತೆಗೆದುಕೊಡುತ್ತೇವೆಂದು ಮುಂಗಡ ಕೇಳುವವರು ಈ ಹಂತದಲ್ಲಿ ಸಿಗುತ್ತಾರೆ. ಡಿಸ್ಕ್ ಯಾಂತ್ರಿಕವಾಗಿ ಕೆಟ್ಟಿದ್ದರೆ ಅವರ ವಿದ್ಯೆಗೆ ಕೆಲಸವಿದೆ. ಕೀಲಿಯೇ ಇಲ್ಲದ ಎಇಎಸ್ ಎನ್‌ಕ್ರಿಪ್ಶನ್ನಿನ ಮುಂದೆ ಇಲ್ಲ. ನಾವು ಹಣ ಕೊಡಲಿಲ್ಲ. ಸಲ್ಲಿಸಿದ್ದ ರಿಟರ್ನುಗಳು ಆದಾಯ ತೆರಿಗೆ ಮತ್ತು ಜಿಎಸ್‌ಟಿ ಪೋರ್ಟಲುಗಳಲ್ಲಿ ಇದ್ದುವು, ಹಳೆಯ ಬ್ಯಾಕಪ್ ಒಂದಷ್ಟನ್ನು ಉಳಿಸಿತು. ಲೆಕ್ಕ ಹಾಕಿದ ಹಾಳೆಗಳು, ಸ್ಕ್ಯಾನ್ ಮಾಡಿ ಮೂಲವನ್ನು ಹಿಂದಿರುಗಿಸಿದ್ದ ವೋಚರುಗಳು, ನೋಟಿಸುಗಳಿಗೆ ಬರೆದಿಟ್ಟ ಉತ್ತರದ ಕರಡುಗಳು ಹೋದುವು. ನಂಜನಗೂಡು, ಶ್ರೀರಂಗಪಟ್ಟಣದ ವ್ಯಾಪಾರಿಗಳಿಗೆ ಫೋನ್ ಮಾಡಿ ಅದೇ ಕಾಗದಗಳನ್ನು ಇನ್ನೊಮ್ಮೆ ಕೇಳುವುದು ಎಂಥ ಮುಜುಗರವೆಂಬುದು ಈ ವೃತ್ತಿಯಲ್ಲಿರುವವರಿಗೆ ಗೊತ್ತು.

ಇಷ್ಟೆಲ್ಲವನ್ನೂ ತಡೆಯಬಹುದಾಗಿದ್ದ ಒಂದು ಸಣ್ಣ ಕಡತದ ಬಗ್ಗೆ ಹೆಚ್ಚು ಜನರಿಗೆ ತಿಳಿದಿಲ್ಲ. ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಹೆಡರ್‌ಬ್ಯಾಕಪ್ ಆಜ್ಞೆ ಹೆಡರಿನ ಪ್ರತಿಯನ್ನು ತೆಗೆದುಕೊಡುತ್ತದೆ. ಲಕ್ಸ್ 2ರಲ್ಲಿ ಅದು ಸಾಮಾನ್ಯವಾಗಿ 16 ಎಂಬಿಯಷ್ಟು. ಸ್ಲಾಟ್ ಅಳಿಸುವುದಕ್ಕೆ ಮುಂಚಿನ ಅಂಥ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಇದ್ದಿದ್ದರೆ, ಮುಖ್ಯ ಕೀಲಿ ಬದಲಾಗದೇ ಇದ್ದುದರಿಂದ, ಅದನ್ನು ಮರಳಿ ಕೂರಿಸಿ ಹಳೆಯ ಪಾಸ್‌ವರ್ಡಿನಿಂದಲೇ ಡಿಸ್ಕ್ ತೆರೆಯಬಹುದಿತ್ತು. ಕೆಲಸ ಒಪ್ಪಿಸುವಾಗಲೇ ಈ ಪ್ರತಿಯನ್ನು ಕೇಳಿ ಪಡೆಯಿರಿ, ಅದೇ ಡಿಸ್ಕಿನಲ್ಲಿ ಇಡಬೇಡಿ. ಜೊತೆಗೆ ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್‌ನಲ್ಲಿ ರಿಕವರಿ ಕೀ ಸೃಷ್ಟಿಸುವ ಸೌಲಭ್ಯವೂ ಇದೆ. ಎಂಟೆಂಟು ಅಕ್ಷರಗಳ 8 ಗುಂಪುಗಳಾಗಿ ಪರದೆಯ ಮೇಲೆ ಬರುವ ಅದನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಲಾಕರಿನಲ್ಲಿ ಇಡಬಹುದು. ವಿಂಡೋಸ್ ಬಳಸುವವರಿಗೆ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಇದೇ ಕೆಲಸ ಮಾಡುತ್ತದೆ.

ಪರೀಕ್ಷೆಯನ್ನು ಬೇರೆ ಕಂಪ್ಯೂಟರಿನಲ್ಲೇ ಮಾಡಿಸಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಅದೇ ಯಂತ್ರದಲ್ಲಿ ಕ್ರಿಪ್ಟ್‌ಸೆಟಪ್‌ನಿಂದ ತೆರೆದು ನೋಡಿದರೆ, ಪಾಸ್‌ವರ್ಡ್ ಕೇಳುವ ಮೊದಲೇ ಟೋಕನ್ ಮೂಲಕ ಚಿಪ್ಪೇ ತೆರೆದುಬಿಡಬಹುದು, ನೋಡುವವರಿಗೆ ಎಲ್ಲ ಸರಿಯಿದೆ ಎನ್ನಿಸುತ್ತದೆ. ಎರಡನೆಯ ಡಿಸ್ಕ್ ಇದ್ದರೆ ಅದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಸ್ಲಾಟ್ ಇದೆಯೇ ಎಂದು ಇದೇ ರೀತಿ ನೋಡಬೇಕು. ಕೀಲಿ ಕಡತ ಅನುಕೂಲಕ್ಕಷ್ಟೇ. ಬೋರ್ಡ್ ಬದಲಾಯಿಸಿದರೆ, ಹೊಸ ಬೋರ್ಡಿನಲ್ಲಿ ಡಿಸ್ಕ್ ತೆರೆದ ಮೇಲಷ್ಟೇ ಹಳೆಯದನ್ನು ಅಂಗಡಿಗೆ ಬಿಡಿ. ಎಎಂಡಿ ಯಂತ್ರಗಳಲ್ಲಿ ಪ್ರೊಸೆಸರ್ ಬದಲಿಸಿದಾಗ ಎಫ್‌ಟಿಪಿಎಂ (ಪ್ರೊಸೆಸರಿನೊಳಗೇ ಇರುವ ಟಿಪಿಎಂ) ರೀಸೆಟ್ ಮಾಡಲೇ, ಎಂದರೆ ಅದರ ಗುಟ್ಟನ್ನು ಅಳಿಸಲೇ, ಎಂದು ಆರಂಭದಲ್ಲೇ ಒಂದು ಪರದೆ ಬರುವುದುಂಟು, ಅಲ್ಲಿ ಅವಸರದಲ್ಲಿ 'ವೈ' ಒತ್ತಲು ಯಾರಿಗೂ ಬಿಡಬೇಡಿ.

ನಮ್ಮಲ್ಲಿ ಈಗಲೂ ಟಿಪಿಎಂ ಮೂಲಕವೇ ಡಿಸ್ಕ್ ತೆರೆಯುತ್ತದೆ, ಬೆಳಗಿನ ಅನುಕೂಲವನ್ನು ಬಿಟ್ಟುಕೊಟ್ಟಿಲ್ಲ. ಯಾರಾದರೂ ನೋಂದಣಿಯನ್ನು ಮುಟ್ಟಿದ ದಿನ, ಅವರು ಹೊರಡುವ ಮುನ್ನ ಲಕ್ಸ್‌ಡಂಪ್‌ನ ಪರದೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು, ಪಾಸ್‌ವರ್ಡಿನ ಸ್ಲಾಟ್ ಪಟ್ಟಿಯಲ್ಲಿದೆಯೆಂದು ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತೇವೆ.